ಅಣ್ಣನ ತೋಳಿನ ಪಟ್ಟಿ

ನನ್ನ ಅಣ್ಣ ಮನಸಾರೆ ನಗುವುದನ್ನು ಬಿಟ್ಟು ಮೂವತ್ತು ವರ್ಷವಾಗಿತ್ತು. ಮುಖ ಗಂಟಿಕ್ಕಿಕೊಂಡು ಕೂರುವವನೇನಲ್ಲ. ನಕ್ಕರೆ ಬೀಳುತ್ತಿದ್ದ, ಅಷ್ಟೇ. ನಗು ಹೊಟ್ಟೆಯಿಂದ ಎದ್ದ ಕೂಡಲೇ ಮೊಣಕಾಲು ಕುಸಿದು, ಕತ್ತು ಜೋತು, ಬರಿದಾದ ಚೀಲದ ಹಾಗೆ ನೆಲಕ್ಕೊರಗುತ್ತಿದ್ದ. ಎಚ್ಚರ ಪೂರಾ ಇರುತ್ತಿತ್ತು, ಮೈ ಮಾತ್ರ ಮಾತು ಕೇಳುತ್ತಿರಲಿಲ್ಲ. ಅರ್ಧ ನಿಮಿಷಕ್ಕೆ ತಾನೇ ಎದ್ದು ಧೂಳು ಕೊಡವಿಕೊಳ್ಳುತ್ತಿದ್ದ.

ನಾವಿಬ್ಬರೂ ಪುಸ್ತಕ ಕಟ್ಟುವವರು. ಅಚ್ಚಾದ ಹಾಳೆಗಳನ್ನು ಮಡಿಸಿ, ಕಂತೆ ಮಾಡಿ, ಮೇಣ ಸವರಿದ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿದು ರಟ್ಟು ಹಾಕುವ ಕೆಲಸ. ನಾನು ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದವನು. ಉಳಿದ ವಿದ್ಯೆಯೆಲ್ಲ ನನ್ನ ಮುಂದೆ ರಾಶಿ ಬಿದ್ದ ಹಾಳೆಗಳಿಂದ ಬಂದದ್ದು, ಯಾರ ಹಂಗಿನದೂ ಅಲ್ಲ. ಅಣ್ಣ ಪುಟ ಹಿಡಿದರೆ ರೆಪ್ಪೆ ಬೀಳುತ್ತಿತ್ತು. ಆದರೆ ಅವನ ಬಲಗೈ ಹಾಕಿದ ಹೊಲಿಗೆ ನನಗೆ ಇವತ್ತಿಗೂ ಬಂದಿಲ್ಲ.

ಅವನಿಗೆ ಎಲ್ಲರೂ ಇಟ್ಟ ಹೆಸರು ಜೋಂಪು. ಹೊಲಿಯುತ್ತಿದ್ದಂತೆಯೇ ಕಣ್ಣು ಮುಚ್ಚುತ್ತಿತ್ತು, ಕೈ ಮಾತ್ರ ನಿಲ್ಲದೆ ಸೂಜಿ ಚುಚ್ಚುತ್ತಿತ್ತು. ಎದ್ದು ನೋಡಿದರೆ ಎರಡು ಕಂತೆ ತಲೆಕೆಳಗು.

"ಏನೋ ಜೋಂಪು, ಓದೋರು ಅರ್ಧಕ್ಕೆ ಬಂದ್ಮೇಲೆ ತಲೆ ಕೆಳಗೆ ಮಾಡಿ ನಿಂತ್ಕೋಬೇಕಾ?" ಎಂದು ಕತ್ತರಿಸುವ ಯಂತ್ರದವನು ಕಾಲೆಳೆಯುತ್ತಿದ್ದ. ಅಣ್ಣ ನಗುತ್ತಿದ್ದ, ಬೀಳುತ್ತಿದ್ದ. ಬೀಳಲಿ ಎಂದೇ ನಗಿಸುತ್ತಿದ್ದೆವು. ಅದರಲ್ಲಿ ನಾನೇ ಮುಂದಾಳು. ಒಂದು ದಿನ ಯಂತ್ರದ ಕಬ್ಬಿಣದ ಅಂಚಿಗೆ ಹಣೆ ಒಡೆದುಕೊಂಡ. ಅಂದಿನಿಂದ ತುಟಿ ಬಿಗಿದ.

ಇದು ಸೋಮಾರಿತನವಲ್ಲ, ನಾರ್ಕೋಲೆಪ್ಸಿ ಎಂಬ ಕಾಯಿಲೆ ಎಂದು ನರರೋಗದ ಡಾಕ್ಟರಮ್ಮ ಹೇಳಿದ್ದು ಅವನಿಗೆ ಐವತ್ತು ದಾಟಿದ ಮೇಲೆ. ಹಗಲೆಲ್ಲ ಬೆನ್ನು ಹತ್ತುವ ನಿದ್ದೆ ರಾತ್ರಿ ಕೈಗೆ ಸಿಗುತ್ತಿರಲಿಲ್ಲ, ಗಳಿಗೆಗೊಮ್ಮೆ ಬೆಚ್ಚಿ ಏಳುತ್ತಿದ್ದ. ಅದು ಅತ್ತಿಗೆಗೆ ಮಾತ್ರ ಗೊತ್ತಿತ್ತು. ಆಮೇಲೆ ಬೆಳಿಗ್ಗೆ ತಲೆನೋವು ಶುರುವಾಯಿತು. ಡಾಕ್ಟರಮ್ಮ ರಕ್ತದೊತ್ತಡದ ಮಾತೆತ್ತಿದರು. ನಾನು ಬಿಡುತ್ತೇನೆಯೇ?

"ನನ್ನ ಹತ್ರಾನೇ ಮಿಷನ್ ಇದೆ ತಾಯಿ. ದಿನಾ ಅಂಗಡೀಲಿ ಇವನದ್ದು ನೋಡ್ತೀನಿ. ನೂರಿಪ್ಪತ್ತೈದು, ಎಂಬತ್ತು. ಬಂಗಾರದಂಥ ಬಿಪಿ."

"ಸರಿ, ಆದ್ರೆ ಅದು ಎದ್ದಿರೋ ಮನುಷ್ಯನ ಬಿಪಿ. ಮಲಗಿದಾಗ ಅದೂ ನೂರಕ್ಕೆ ಹತ್ತು ಪಾಲಾದ್ರೂ ಇಳೀಬೇಕು. ಈ ಕಾಯಿಲೆಯವರಲ್ಲಿ ಎಷ್ಟೋ ಜನಕ್ಕೆ ಇಳಿಯೋದಿಲ್ಲ. ಹಗಲು ಅಳೆದ್ರೆ ಆ ಕಳ್ಳ ಸಿಗಲ್ಲ," ಎಂದು ಅಣ್ಣನ ಎಡತೋಳಿಗೆ ಪಟ್ಟಿ ಸುತ್ತಿ, ಸೊಂಟಕ್ಕೊಂದು ಡಬ್ಬಿ ಸಿಕ್ಕಿಸಿದರು. ಇಪ್ಪತ್ನಾಲ್ಕು ಗಂಟೆ ಅದು ತಾನಾಗಿಯೇ ಉಬ್ಬಿ, ಅಳೆದು, ಬರೆದಿಟ್ಟುಕೊಳ್ಳುವಂಥದ್ದು.

ಮರುದಿನ ಕಾಗದ ಬಂತು. ರಾತ್ರಿಯ ಅಂಕಿಗಳು ಚೆನ್ನಾಗಿ ಇಳಿದಿದ್ದವು. ಔಷಧಿ ಬೇಡವೆಂದರು. ನಾನಂತೂ ಆ ಕಾಗದವನ್ನು ಅಂಗಡಿಯಲ್ಲಿ ಎಲ್ಲರಿಗೂ ಹಿಡಿದು ತೋರಿಸಿದೆ. ಅತ್ತಿಗೆ ಮಾತ್ರ ಅದನ್ನು ಕೈಯಲ್ಲಿ ಮುಟ್ಟಲಿಲ್ಲ.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಣ್ಣ ಹೊಲಿಗೆಯ ಮಣೆಯ ಮುಂದೆ ಕುಸಿದ. "ಜೋಂಪು ಬಿದ್ದ, ಈಗ ಏಳ್ತಾನೆ ಬಿಡ್ರೋ," ಎಂದೆ ನಾನು. ಅಂಟು ಒಣಗುತ್ತದೆಂದು ಕೈಯಲ್ಲಿದ್ದ ಪುಸ್ತಕದ ಬೆನ್ನು ಬಳಿದು ಮುಗಿಸಿದೆ. ಇನ್ನೊಂದರದ್ದೂ ಬಳಿದೆ. ಅವನು ನಕ್ಕಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ತಿರುಗಿ ನೋಡಿದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈಯಿಂದ ಸೂಜಿ ಜಾರಿ ದಾರದಲ್ಲಿ ನೇತಾಡುತ್ತಿತ್ತು.

ಜೀವ ಉಳಿಯಿತು. ಮಾತು ತೊದಲಾಯಿತು. ಬಲಗೈ ಲಕ್ವಕ್ಕೆ ಹೋಯಿತು.

ಆಸ್ಪತ್ರೆಯಿಂದ ಬಂದ ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಮತ್ತೆ ಪಟ್ಟಿ ಕಟ್ಟಿಸಿದರು. ಮರುದಿನ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಮೇಜಿನ ಮೇಲೆ ಹರಡಿ ಹುಬ್ಬು ಗಂಟಿಕ್ಕಿದರು.

"ಈ ಸಲ ರಾತ್ರಿ ಒಂಚೂರೂ ಇಳಿದಿಲ್ಲ. ನಾಡಿ ಬಡಿತಾನೂ ಬೇರೆ ಥರ ಇದೆ. ಎರಡೂ ಒಬ್ಬರದೇ ಅನ್ಸಲ್ಲ."

"ಒಬ್ಬರದಲ್ಲ," ಎಂದಳು ಅತ್ತಿಗೆ. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು. "ಹಳೇ ಕಾಗದದಲ್ಲಿ ರಾತ್ರಿದು ನಂದು."

ನಮಗೆ ಅರ್ಥವಾಗಲಿಲ್ಲ.

"ಅರ್ಧ ಗಂಟೆಗೊಂದ್ಸಲ ಗುರ್ ಅಂತ ಬಿಗಿಯೋದು. ಇವ್ರಿಗೆ ಅಪರೂಪಕ್ಕೆ ಕಣ್ಣು ಹತ್ತಿತ್ತು, ಮತ್ತೆ ಬೆಚ್ಚಿಬಿದ್ರು. ನೋಡೋಕಾಗ್ಲಿಲ್ಲ ಡಾಕ್ಟ್ರೇ. ಬಿಚ್ಚಿಟ್ರೆ ಖಾಲಿ ಬಿಟ್ರಿ ಅಂತ ನೀವು ಬೈತೀರಿ. ಅದಕ್ಕೇ ನನ್ನ ತೋಳಿಗೆ ಕಟ್ಕೊಂಡೆ. ದುಡಿದ ಮೈ, ನಿದ್ದೆ ಬಂದುಬಿಡ್ತು. ಬೆಳಗಾಗೋ ಹೊತ್ತಿಗೆ ವಾಪಸ್ ಕಟ್ಟಿದೆ." ಅಣ್ಣನ ಬಲಗೈ ನೋಡಿ ಕೇಳಿದಳು: "ಈ ಕೈ ನಾನೇ ತೆಗೆದೆನಾ?"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಅವತ್ತೇ ಗೊತ್ತಾಗಿದ್ರೆ ಮಾತ್ರೆ ಕೊಡ್ತಿದ್ದೆ. ಕೊಟ್ಟಿದ್ರೆ ಹೀಗಾಗ್ತಿರ್ಲಿಲ್ಲ ಅಂತ ಹೇಳೋಕೆ ನಂಗೂ ಆಗಲ್ಲಮ್ಮ."

ಅಂಟು ಬಳಿಯುತ್ತ ಕೂತಿದ್ದವನು ನಾನು ಎಂದು ಆಗಲೇ ಹೇಳಬೇಕಿತ್ತು. ಎಲ್ಲದಕ್ಕೂ ಬಾಯಿ ಹಾಕುವ ನನ್ನ ನಾಲಿಗೆ ಅವತ್ತು ಹೊರಳಲಿಲ್ಲ.

ಅಣ್ಣ ಹೆಂಡತಿಯನ್ನೇ ನೋಡುತ್ತಿದ್ದ. ಸೊಟ್ಟ ಬಾಯಿ ತೆರೆದು, ಒಂದೊಂದೇ ಅಕ್ಷರ ಹೆಕ್ಕಿ, "ಸದ್ಯ… ನಿಂದಾದ್ರೂ… ಇಳಿಯುತ್ತಲ್ಲ," ಎಂದ.

ಎಂದವನೇ ನಕ್ಕ. ಮೂವತ್ತು ವರ್ಷ ಕೂಡಿಟ್ಟ ನಗು. ಕುರ್ಚಿಯಲ್ಲೇ ಕತ್ತು ಜೋತುಬಿತ್ತು. ಅತ್ತಿಗೆ ಆ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಬಿಕ್ಕಿದಳು. ಈ ಸಲ ನಾನು ಅವನ ಪಕ್ಕದಲ್ಲೇ ಮಂಡಿಯೂರಿ, ಎಣಿಸುತ್ತ ಕಾದೆ.

ಅರ್ಧ ನಿಮಿಷಕ್ಕೆ ತಲೆ ಎದ್ದಿತು. ಅವಳ ಕಣ್ಣೊರೆಸಲು ಎಡಗೈಯೂ ಎದ್ದಿತು. ಬಲಗೈ ಮಾತ್ರ ನನ್ನ ಅಂಗೈಯಲ್ಲಿ ಹಾಗೆಯೇ ಮಲಗಿತ್ತು.