ಮೂರೇ ಗೋಡೆ ಸಾಕೆಂದವರು

ಚಳಿಗಾಲದಲ್ಲಿ ಅವರು ಆಫೀಸಿನ ಬಾಗಿಲು ದಾಟುತ್ತಿದ್ದಂತೆ ಕನ್ನಡಕದ ಎರಡೂ ಗಾಜುಗಳು ಹಾಲಿನಂತೆ ಬೆಳ್ಳಗಾಗುತ್ತಿದ್ದವು. ಬೇರೆಯವರಾದರೆ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವರು ಒರೆಸುತ್ತಿರಲಿಲ್ಲ. ಒದ್ದೆ ಬೂಟುಗಳನ್ನು ಚಾಪೆಯ ಮೇಲೆ ಊರಿ, ಊಟದ ಡಬ್ಬಿ ಹಿಡಿದುಕೊಂಡು, ಗಾಜು ತಾನಾಗಿ ತಿಳಿಯಾಗುವವರೆಗೆ ಅಲ್ಲೇ ನಿಂತಿರುತ್ತಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿದರೆ, "ಯಾರದು, ದಾವಣಗೆರಿ ಏನು?" ಎನ್ನುತ್ತಿದ್ದರು. ನನ್ನ ಹೆಸರು ಅವರಿಗೆ ಗೊತ್ತಿತ್ತು. ಊರಿನ ಹೆಸರು ಹಿಡಿದು ಕರೆಯುವುದೇ ಅವರಿಗೆ ಇಷ್ಟ.

ಅವರು ನನ್ನ ಮೇಲಧಿಕಾರಿ. ಮೊದಲ ದಿನ ನಾನು 'ಸರ್' ಎಂದಾಗ, "ಸರ್ ಗಿರ್ ಎಲ್ಲಾ ಕಲಬುರ್ಗಿ ಕಾಲೇಜಿನಾಗ ಬಿಟ್ಟು ಬಂದೀನವಾ. ಇಲ್ಲಿ ಮಂದಿ ನನ್ನ ಹೆಸರು ಅರ್ಧಾ ಕರೀತಾರ, ಅರ್ಧಾ ನುಂಗ್ತಾರ. ನೀ ಅಂಕಲ್ ಅನ್ನು, ನುಂಗಲಿಕ್ಕೆ ಏನೂ ಉಳಿಯೂದಿಲ್ಲ," ಎಂದಿದ್ದರು. ಅಂದಿನಿಂದ ಅಂಕಲ್. ಆ ಆಫೀಸಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಶಿಕಾಗೋದ ಪಶ್ಚಿಮ ಉಪನಗರವೊಂದರಲ್ಲಿ ನಮ್ಮ ಕಂಪನಿ. ಅಲ್ಲಿ ಕೂತು ನಾವು ಆರ್ಕ್‌ಟಿಕ್ ಕರಾವಳಿಯಲ್ಲಿ ಕಟ್ಟಬೇಕಿದ್ದ ಒಂದು ಟರ್ಮಿನಲ್‌ನ ನಕ್ಷೆ ತಯಾರಿಸುತ್ತಿದ್ದೆವು. ನೆಲದಿಂದ ಬಂದ ನೈಸರ್ಗಿಕ ಅನಿಲವನ್ನು ದ್ರವವಾಗುವಷ್ಟು ತಣ್ಣಗೆ ಮಾಡಿ, ದೊಡ್ಡ ಟ್ಯಾಂಕುಗಳಲ್ಲಿ ತುಂಬಿ, ಹಡಗಿಗೆ ಏರಿಸಿ ಕಳಿಸುವ ಜಾಗ ಅದು. ನಮ್ಮಲ್ಲಿ ಯಾರೂ ಆ ಕರಾವಳಿಯನ್ನು ಕಂಡಿರಲಿಲ್ಲ. ಅಂಕಲ್ ಕೊಲ್ಲಿ ದೇಶಗಳ ಗ್ಯಾಸ್ ಸ್ಥಾವರಗಳಲ್ಲಿ ಅರ್ಧ ಆಯುಷ್ಯ ಕಳೆದಿದ್ದರು. ಅವರ ಅನುಭವವೆಲ್ಲ ಬಿಸಿಲಿನದು.

ಅವರ ಮನೆ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ. ವಾರವಿಡೀ ಆಫೀಸಿಗೆ ಹತ್ತಿರದ ಅರೋರಾದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದು, ಶುಕ್ರವಾರದ ನಮಾಜು ಮುಗಿಸಿಕೊಂಡು ಹೆದ್ದಾರಿ ಹಿಡಿಯುತ್ತಿದ್ದರು. ನಾನೂ ಅರೋರಾದಲ್ಲೇ ಒಬ್ಬಳೇ ಇದ್ದೆ. ಸಂಜೆ ಕೆಲಸ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಅವರು ಮನೆಗೆ ಫೋನ್ ಮಾಡುವುದು ಕೇಳುತ್ತಿತ್ತು. ಅವರು ಕನ್ನಡದಲ್ಲಿ ಕೇಳುತ್ತಿದ್ದರು, ಮಗ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಒಮ್ಮೆ ಫೋನ್ ಜೇಬಿಗಿಟ್ಟು ನಕ್ಕರು: "ನನ್ನ ಮಗ ನನ್ನ ಜೋಡಿ ಕಸ್ಟಮರ್ ಸರ್ವಿಸ್‌ನಾವ್ರಂಗ ಮಾತಾಡ್ತಾನ ನೋಡವಾ. ಎಲ್ಲಾದಕ್ಕೂ 'ಶೂರ್, ನೋ ಪ್ರಾಬ್ಲಮ್'."

ಆ ಯೋಜನೆಯಲ್ಲಿ ಅವರ ಜಗಳ ಒಂದೇ ವಿಷಯಕ್ಕೆ. ಅಷ್ಟು ಚಳಿಯಲ್ಲಿ, ಅಷ್ಟು ಗಾಳಿಯಲ್ಲಿ ಕೆಲಸಗಾರರು ಪೈಪು, ವಾಲ್ವುಗಳ ಹತ್ತಿರ ನಿಲ್ಲುವುದು ಹೇಗೆ? ಯೋಜನೆಯ ಮಾಲೀಕರ ಕಡೆಯ ಮ್ಯಾನೇಜರ್ ಹೇಳಿದ್ದು, ಸುತ್ತ ನಾಲ್ಕು ಗೋಡೆ ಕಟ್ಟಿ, ಮೇಲೆ ಮುಚ್ಚಿ, ಒಳಗೆ ಬೆಚ್ಚಗಿಡಿ ಎಂದು. ಎಲ್ಲರಿಗೂ ಅದು ಸರಿಯೆನಿಸಿತ್ತು. ಅಂಕಲ್ ಒಬ್ಬರೇ ಒಪ್ಪಲಿಲ್ಲ. ಗ್ಯಾಸ್ ಸೋರಿದರೆ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು; ಮೂರು ಗೋಡೆ ಸಾಕು, ಗಾಳಿ ಬೀಸದ ಬದಿಯನ್ನು ತೆರೆದೇ ಬಿಡಿ ಎಂದು ಪಟ್ಟು ಹಿಡಿದರು.

ಮ್ಯಾನೇಜರ್ ಮೀಟಿಂಗಿನಲ್ಲಿ ಗೇಲಿ ಮಾಡಿದ. ನೀವು ಮರುಭೂಮಿಯವರು, ಚಳಿ ಅಂದರೆ ಏನೆಂದು ಗೊತ್ತಿಲ್ಲ, ಜನರನ್ನು ಹೆಪ್ಪುಗಟ್ಟಿಸಿ ಕೊಲ್ಲುತ್ತೀರಿ ಎಂದ. ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಥಂಡಿ ಹತ್ತಿದಾಂವ ಬೈತಾನ, ಓಡಿ ಹೋಗ್ತಾನ, ನೌಕರಿ ಬಿಡ್ತಾನ. ಬೆಚ್ಚಗ ಕುಂತಾಂವಗ ಏನೂ ಗೊತ್ತಾಗೂದಿಲ್ಲ. ನನಗ ಆ ಗೊತ್ತಾಗದೇ ಇರೂದರ ಅಂಜಿಕಿ."

ಆ ಮೀಟಿಂಗಿನ ನಂತರ ಅವರ ಮೇಜಿನ ಬಳಿ ಜನ ಬರುವುದು ಕಡಿಮೆಯಾಯಿತು. ಊಟಕ್ಕೆ ನಾನೊಬ್ಬಳೇ ಜೊತೆ. ಡಬ್ಬಿ ತೆರೆದು, ಜೋಳದ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟು, "ನಿಮ್ಮ ದಾವಣಗೆರಿ ಬೆಣ್ಣಿ ದ್ವಾಸಿ ಮುಂದ ಇದೇನಲ್ಲ ಬಿಡು," ಎಂದು ಅವರೇ ಮೊದಲು ಬೈದುಕೊಳ್ಳುತ್ತಿದ್ದರು. ನಾನು ಬೈಯುವುದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ವಾದ ಮುಗಿಯದ್ದರಿಂದ ಒಂದು ಪ್ರಯೋಗ ಮಾಡುವುದೆಂದಾಯಿತು. ಡೆಟ್ರಾಯಿಟ್‌ನ ದಕ್ಷಿಣಕ್ಕೆ ಒಂದು ಬಾಡಿಗೆಯ ಯಾರ್ಡಿನಲ್ಲಿ ವಾಲ್ವುಗಳ ಒಂದು ಮಾದರಿ ಕಟ್ಟೆ, ಅದರ ಸುತ್ತ ಬಿಚ್ಚಿ ಜೋಡಿಸಬಹುದಾದ ಗೋಡೆಗಳು. ಪೈಪಿನೊಳಗೆ ದ್ರವ ಅನಿಲ ಹರಿಸಿ, ಗೋಡೆಯೊಳಗೆ ಕೆಲಸ ಮಾಡುವುದು ಎಷ್ಟು ಸಾಧ್ಯ ಎಂದು ನೋಡುವುದು. ನಾಲ್ಕನೆಯ ಗೋಡೆ ತೆಗೆಯುವವರೆಗೆ ಅಂಕಲ್ ಪ್ರಯೋಗಕ್ಕೆ ಸಹಿ ಹಾಕಲಿಲ್ಲ. ಕೊನೆಗೆ ಮ್ಯಾನೇಜರ್ ಗೊಣಗುತ್ತಲೇ ತೆಗೆಸಿದ.

ಪ್ರಯೋಗದ ದಿನ ಬೆಳಿಗ್ಗೆ ಉಷ್ಣಾಂಶ ಫ್ಯಾರನ್‌ಹೀಟ್ ಸೊನ್ನೆಯ, ಅಂದರೆ ಸೆಲ್ಸಿಯಸ್ ಮೈನಸ್ ಹದಿನೆಂಟರ, ಕೆಳಗಿತ್ತು. ನಾನು ಗೋಡೆಯೊಳಗೆ ನಿಂತು ಒತ್ತಡದ ಮಾಪಕ ಓದುತ್ತಿದ್ದೆ; ಅಂಕಲ್ ಮತ್ತು ಉಳಿದವರು ಹೊರಗೆ, ಸ್ವಲ್ಪ ದೂರದಲ್ಲಿದ್ದರು. ನನ್ನ ಜೊತೆ ಮಿಷಿಗನ್ನಿನವನೇ ಆದ ಒಬ್ಬ ಟೆಕ್ನಿಷಿಯನ್, ಎತ್ತರದ ಆಳು, ಮೂಗು ಕೆಂಪಾಗಿತ್ತು. ತೆರೆದ ಬದಿಯಿಂದ ಗಾಳಿ ಸುತ್ತಿಕೊಂಡು ಬರುತ್ತಿತ್ತು. ನನ್ನ ಬೆರಳು ನೀಲಿಯಾದದ್ದನ್ನು ನೋಡಿ ಆತ ಹೋಗಿ, ತನ್ನ ಟ್ರಕ್ಕಿನಿಂದ ಒಂದು ಸಣ್ಣ ಹೀಟರ್ ತಂದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವಾಗ ಗುಡಾರದಲ್ಲಿ ಜನರೇಟರಿಗೆ ಹಚ್ಚಲೆಂದು ಇಟ್ಟುಕೊಂಡದ್ದಂತೆ. ಮೂಲೆಯ ಸ್ಟೂಲಿನ ಮೇಲಿಟ್ಟು ಪ್ಲಗ್ ಹಾಕಿದ. ಅದರ ತಂತಿ ಕೆಂಪಗಾಯಿತು. ನಾನು ಥ್ಯಾಂಕ್ಸ್ ಎಂದೆ. ಅವನು ಕಣ್ಣು ಮಿಟುಕಿಸಿದ. ಅಲ್ಲಿ ಕಿಡಿ ಹೊತ್ತಿಸುವಂಥದ್ದು ಏನೂ ಇರಕೂಡದೆಂದು ಇಬ್ಬರಿಗೂ ತರಬೇತಿ ಆಗಿತ್ತು. ಚಳಿ ಅದನ್ನೆಲ್ಲ ಮರೆಸಿತ್ತು.

ಪೈಪು ತಣ್ಣಗಾಗುತ್ತ ಕುಗ್ಗಿದಾಗ ಒಂದು ಜೋಡಣೆ ಸಡಿಲಾಗಿರಬೇಕು. ಸದ್ದೇ ಇರಲಿಲ್ಲ. ಕಾಲ ಬಳಿ ಬಿಳಿ ಮಂಜು ಕಂಡಿತು. ಹಿಮ ಹಾರಿತೇನೋ ಅಂದುಕೊಂಡೆ. ಅದು ಮೊಣಕಾಲಿಗೆ ಬಂತು. ಮಂಜು ಕಾಣುತ್ತದೆ, ಅದರ ಅಂಚಿನಲ್ಲಿ ಹರಡುವ ಗ್ಯಾಸ್ ಕಾಣುವುದಿಲ್ಲ. ಇದು ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ನಾನು ಕದಲಲಿಲ್ಲ. ಟೆಕ್ನಿಷಿಯನ್ ಹೀಟರಿನ ಪ್ಲಗ್ ಕೀಳಲು ಬಗ್ಗಿದ.

"ಡೋಂಟ್ ಟಚ್ ಇಟ್!"

ಅಂಕಲ್‌ ಅಷ್ಟು ಜೋರಾಗಿ ಕೂಗಿದ್ದು ನಾನು ಅದೊಂದೇ ಸಲ ಕೇಳಿದ್ದು. ಪ್ಲಗ್ ಕೆಳಗೆ ಮಂಜಿನೊಳಗಿತ್ತು; ಕಿತ್ತರೆ ಅಲ್ಲೇ ಕಿಡಿ ಹಾರುತ್ತದೆ. ತೆರೆದ ಬದಿಯಿಂದ ಒಳಗೆ ಬಂದು ನನ್ನ ಜಾಕೆಟ್ಟಿನ ಟೋಪಿ ಹಿಡಿದು ಎಳೆದರು, ಇನ್ನೊಂದು ಕೈಯಲ್ಲಿ ಅವನ ತೋಳು. "ನಡೀ, ನಡೀ, ನಡೀ ಅಂತೀನಿ!" ಎಂದು ಇಬ್ಬರಿಗೂ ಕನ್ನಡದಲ್ಲೇ ಕೂಗುತ್ತಿದ್ದರು. ಅವನಿಗೂ ಅದು ಅರ್ಥವಾಗಿತ್ತು. ಹೊರಗಿನವರು ಅನಿಲದ ಮುಖ್ಯ ವಾಲ್ವ್ ಮುಚ್ಚಿದರು, ಯಾರ್ಡಿನ ಆ ತುದಿಯಲ್ಲಿ ವಿದ್ಯುತ್ ಕಡಿದರು. ನಾವು ಬೇಲಿಯ ಹತ್ತಿರ ಹಿಮದಲ್ಲಿ ಕೂತು ನೋಡಿದೆವು. ಬಿಳಿ ಮಂಜು ತೆರೆದ ಬದಿಯಿಂದ ಹೊರಬಿದ್ದು, ಗಾಳಿಗೆ ಹರಿದು, ತೆಳುವಾಗಿ, ಇಲ್ಲವಾಯಿತು. ಮೂಲೆಯಲ್ಲಿ ಕೆಂಪು ತಂತಿ ನಿಧಾನವಾಗಿ ಕಪ್ಪಾಯಿತು.

ಅಷ್ಟೇ. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ಮಧ್ಯಾಹ್ನ ಎಲ್ಲರೂ ಪಿಜ್ಜಾ ತಿಂದರು.

ಇದನ್ನು ನಾನು ಯಾರಿಗೆ ಹೇಳಿದರೂ "ಆಮೇಲೇನಾಯ್ತು?" ಎಂದು ಕೇಳುತ್ತಾರೆ. ಆಮೇಲೆ ಏನೂ ಆಗಲಿಲ್ಲ ಎಂದರೆ, ಪುಣ್ಯ ಎಂದು ಮಾತು ಬದಲಿಸುತ್ತಾರೆ. ಫೋನಿನಲ್ಲಿ ಅಮ್ಮನೂ ಹಾಗೇ ಮಾಡಿದಳು. ಆದರೆ ನನ್ನೊಳಗೆ ಅದು ಮುಗಿದಿಲ್ಲ. ಕುಕ್ಕರಿನ ಹಬೆ ಮೇಲೇಳುವಾಗ, ಹೆದ್ದಾರಿಯಲ್ಲಿ ಹಿಮ ತೇಲಿ ಬರುವಾಗ, ಆ ಮಂಜು ಮತ್ತೆ ಮೊಣಕಾಲಿಗೆ ಬರುತ್ತದೆ. ಅವನು ಮತ್ತೆ ಬಗ್ಗುತ್ತಾನೆ. ಕೆಲವು ಸಲ ಅಂಕಲ್ ಕೂಗುವುದು ತಡವಾಗುತ್ತದೆ.

ಅಂದು ಶಿಕಾಗೋ ಕಡೆಗೆ ಅವರೇ ಡ್ರೈವ್ ಮಾಡಿದರು. ಮಿಷಿಗನ್ ಗಡಿ ದಾಟಿದೆವು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು: "ನಾ ಗೋಡಿ ತಗಸದಿದ್ರ ಅಂವ ಹೀಟರ್ ತರತಿದ್ದಿಲ್ಲ. ಹೌದಿಲ್ಲೋ?"

"ಅಂಕಲ್, ಗೋಡೆ ಇದ್ದಿದ್ರೆ ಗ್ಯಾಸ್ ಹೊರಗೇ ಹೋಗ್ತಿರಲಿಲ್ಲ."

"ಅದೂ ಖರೇನ. ಇದೂ ಖರೇನ. ಎರಡೂ ಖರೇ ಇದ್ದಾಗ ಮನಷಾ ಏನ್ ಮಾಡಬೇಕವಾ?"

ಮ್ಯಾನೇಜರ್ ವರದಿಯಲ್ಲಿ ಆ ಎರಡರಲ್ಲಿ ಮೊದಲನೆಯದನ್ನು ಮಾತ್ರ ಬರೆಸಿದ: ತೆರೆದ ಗೋಡೆಯಿಂದಾಗಿ ಸಿಬ್ಬಂದಿ ಅನುಮತಿಯಿಲ್ಲದ ಹೀಟರ್ ಬಳಸುವಂತಾಯಿತು. ಟೆಕ್ನಿಷಿಯನ್‌ನನ್ನು ಕೆಲಸದಿಂದ ತೆಗೆದರು. ಅಂಕಲ್ ವರದಿಯ ವಿರುದ್ಧ ವಾದಿಸಲಿಲ್ಲ. ಬದಲಿಗೆ ಟರ್ಮಿನಲ್‌ನ ನಕ್ಷೆಯನ್ನು ಮತ್ತೆ ಬಿಡಿಸತೊಡಗಿದರು. ಗೋಡೆ ಮೂರೇ. ಆದರೆ ಪೈಪುಗಳಿಂದ ಸಾಕಷ್ಟು ದೂರದಲ್ಲಿ ಒಂದು ಬೆಚ್ಚನೆಯ ಕೋಣೆ. ಕೆಲಸಗಾರರು ಸರದಿಯಂತೆ ಹೋಗಿ ಕೂತು ಕೈ ಕಾಯಿಸಿಕೊಂಡು ಬರಲಿ ಎಂದು. ಒಳಗೆ ಬೆಂಚು, ಚಹಾ ಕಾಯಿಸುವ ಜಾಗ, ಕಿಟಕಿ.

"ಚಳಿಗಾಲವೆಲ್ಲ ಸೂರ್ಯನೇ ಕಾಣದ ಊರಲ್ಲಿ ಕಿಟಕಿ ಯಾಕೆ ಅಂಕಲ್?" ಎಂದೆ.

"ಒಳಗ ಕುಂತಾಂವಗ ಹೊರಗ ನಿಂತಾಂವ ಕಾಣಬೇಕಲ್ಲ," ಎಂದರು. ಆಮೇಲೆ, "ಮೊದಲ ನಾ ಗ್ಯಾಸಿನ ಬಗ್ಗೆ ಅಷ್ಟ ವಿಚಾರ ಮಾಡಿದ್ದೆ. ಥಂಡಿ ಹತ್ತಿದಾಂವ ಎಲ್ಲಿ ಹೋಗಬೇಕು ಅಂತ ಮಾಡಿದ್ದಿಲ್ಲ," ಎಂದರು.

ನಡೆದು ಹೋಗಿ ಬರುವುದರಲ್ಲಿ ಕೆಲಸದ ಹೊತ್ತು ಹಾಳೆಂದು ಮಾಲೀಕರು ಆ ಕೋಣೆಯನ್ನು ನಕ್ಷೆಯಿಂದ ಹೊಡೆದು ಹಾಕಿ, ನಾಲ್ಕನೆಯ ಗೋಡೆಯನ್ನು ಎಳೆದರು. ಅಂಕಲ್ ಆ ನಕ್ಷೆಗೆ ಸಹಿ ಹಾಕದೆ ಕೆಲಸ ಬಿಟ್ಟು ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಹೋದರು. ಕೆಲವು ವರ್ಷಗಳ ನಂತರ ಮಾರುಕಟ್ಟೆ ಕುಸಿದು ಯೋಜನೆಯೇ ನಿಂತುಹೋಯಿತು. ಆ ಕರಾವಳಿಯಲ್ಲಿ ಒಂದು ಗೋಡೆಯೂ ಏಳಲಿಲ್ಲ.

ಅವರಿಗೆ ಹೃದಯಾಘಾತವಾದ ಸುದ್ದಿ ನನಗೆ ತಿಳಿದದ್ದು ತಡವಾಗಿ. ನಾನು ಡ್ರೈವ್ ಮಾಡಿಕೊಂಡು ಹೋಗುವಷ್ಟರಲ್ಲಿ ದಫನ್ ಆಗಿ ವಾರ ಕಳೆದಿತ್ತು. ಅವರ ಹೆಂಡತಿ, ಆಂಟಿ, ಚಹಾ ಕೊಟ್ಟು ಎದುರಿಗೆ ಕೂತರು. ದಾರಿಯುದ್ದಕ್ಕೂ ನನಗಿದ್ದ ಯೋಚನೆ ಒಂದೇ: ಇನ್ನು ಆ ಬೆಳಿಗ್ಗೆಯನ್ನು ನೆನಪಿಟ್ಟುಕೊಂಡವಳು ಜಗತ್ತಿನಲ್ಲಿ ನಾನೊಬ್ಬಳೇ.

"ಆ ಯಾರ್ಡಿನಾಗ ಏನಾಗಿತ್ತವಾ?" ಆಂಟಿಯೇ ಕೇಳಿದರು. "ಏನೋ ಆಗಿತ್ತು ಅನ್ನೂದಷ್ಟ ಗೊತ್ತು, ಏನಂತ ನನಗ ಒಂದಿನಾನೂ ಹೇಳಲಿಲ್ಲ ಅವರು."

ಹೇಳಿದೆ. ಎಲ್ಲವನ್ನೂ. ಅವರು 'ಆಮೇಲೇನಾಯ್ತು' ಎನ್ನಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡು, "ಹಂಗಾರ ಅಂವನ ಇರಬೇಕು," ಎಂದರು. "ಥಂಡಿ ದಿನ ಬಂತಂದ್ರ ಒಬ್ಬಾಂವ ಫೋನ್ ಮಾಡ್ತಿದ್ದ, ಇಲ್ಲಿಯವನ. ಇವರು ಬಾಗಲಾ ಮುಚ್ಚಿಕೊಂಡು ಎಷ್ಟೋ ಹೊತ್ತು ಮಾತಾಡ್ತಿದ್ರು. ಯಾರಂತ ಕೇಳಿದ್ರ, 'ಪಾಪ, ನಿದ್ದಿ ಬರೂದಿಲ್ಲಂತ ಅಂವಗ' ಅಂತಿದ್ರು."

ಅಂಕಲ್ ಫೋನಿನಲ್ಲಿ ಹುಡುಕಿ ನಂಬರ್ ಕೊಟ್ಟರು. ಸಾವಿನ ಸುದ್ದಿ ಅವನಿಗೆ ಇನ್ನೂ ಯಾರೂ ಹೇಳಿಲ್ಲವೆಂದೂ, ನೀನೇ ಹೇಳಿಬಿಡು ಎಂದೂ ಅಂದರು.

ಕಾರಿನಲ್ಲಿ ಕೂತು ಫೋನ್ ಮಾಡಿದೆ. ಅವನ "ಹಲೋ" ಕೇಳಿದ ಮೇಲೆ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಅಂಕಲ್ ತೀರಿಕೊಂಡರು ಎಂದೆ. ಅವನು, ಅಂದು ನಿಮ್ಮ ಬೆರಳುಗಳು ನೀಲಿಯಾಗಿದ್ದವು, ಅಲ್ಲವೇ, ಎಂದು ಕೇಳಿದ.

ಹೌದು, ನಾನೇ, ಎಂದೆ.