ಒಳಗಿನ ಗೇಟರು

ಕಲಬುರಗಿಯಲ್ಲಿ ಡಾಕ್ಟರರು ನನ್ನ ಅಂಗೈ ಮೇಲೆ ಒಂದು ಪುಟ್ಟ ಜಾಲರಿ ಕೊಳವೆ ಇಟ್ಟರು. ಅದರ ಮೈಗೆ ತೆಳು ಹೊದಿಕೆ. ಮಿದುಳಿನ ರಕ್ತನಾಳದ ಗೋಡೆ ಸವೆದು ಗುಳ್ಳೆಯಂತೆ ಉಬ್ಬಿದೆ, ಒಡೆದರೆ ಉಳಿಯುವುದು ಕಷ್ಟ, ಇದನ್ನು ಒಳಗೇ ಕೂರಿಸಿ ಉಬ್ಬಿಗೆ ರಕ್ತ ಹೋಗದಂತೆ ಮಾಡುತ್ತೇವೆ ಎಂದರು. ನನ್ನ ಎಡಗಣ್ಣಿನ ರೆಪ್ಪೆ ಜೋತುಬಿದ್ದದ್ದೂ ಅದರ ಒತ್ತಡಕ್ಕಂತೆ.

"ಗೇಟರ್ ಹಾಕ್ತೀರಿ ಅನ್ರಿ," ಎಂದೆ. ಅವರಿಗೆ ತಿಳಿಯಲಿಲ್ಲ. ನನಗೆ ಜೇವರ್ಗಿಯ ಸೈಕಲ್ ಅಂಗಡಿ ಕಾಕಾ ನೆನಪಾದ...

ಎಂಬತ್ತರ ದಶಕ. ಕಾಲೇಜು ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ಮನೆಯ ಪಕ್ಕದಲ್ಲೇ ಕಾಕಾನ ಅಂಗಡಿ. ಟಯರು ಸವೆದು ಉಬ್ಬಿದ್ದರೆ ಹಳೇ ಟಯರಿನ ತುಂಡು ಒಳಗಿಟ್ಟು, ಆಮೇಲೆ ಟ್ಯೂಬು ಕೂರಿಸುತ್ತಿದ್ದ. ಅದೇ ಗೇಟರು. ಕೆಲಸ ನಾಜೂಕು, ಮನುಷ್ಯ ಬೆಂಕಿ. ಸಿಟ್ಟು ಬಂದರೆ ಕೈಲಿದ್ದ ನಟ್ಟು ಬಿಗಿಯುವ ಪಾನಾ ಬೀಸುತ್ತಿದ್ದ. ಹೆಚ್ಚಿನ ಪೆಟ್ಟು ಜೊತೆಗೆ ದುಡಿಯುವ ತಮ್ಮನಿಗೆ.

ಒಂದು ದಿನ ಕಾಕಾನ ಒಂದು ರೆಪ್ಪೆ ಜೋತುಬಿತ್ತು. "ಯಾರಿಗೆ ಕಣ್ಣು ಹೊಡ್ಯಾಕತ್ತೀರಿ ಕಾಕಾ?" ಎಂದು ನಾನೇ ಚೇಷ್ಟೆ ಮಾಡಿದ್ದೆ. "ತಲಿ ಸೀಳಿದಂಗ ಆಗಾಕತ್ತದಲೇ," ಎಂದು ಹಣೆಗೆ ರುಮಾಲು ಬಿಗಿದು ಕೂತಿದ್ದ.

ಮೂರನೇ ದಿನ, ತಮ್ಮ ಗೇಟರ್ ಹಾಕದೆ ಕಳಿಸಿದ ಸೈಕಲ್ಲಿನ ಟಯರು ಒಡೆದು ಸವಾರ ರಸ್ತೆಗೆ ಬಿದ್ದ. "ಮಂದಿ ಕೊಲ್ತೀಯೇನಲೇ!" ಎಂದು ಕಾಕಾ ಪಂಪು ಎತ್ತಿ ತಮ್ಮನ ಮೋರೆಗೆ ಹೊಡೆದ. ಬಾಯಿ ತುಂಬ ರಕ್ತ. ಅವನು ಅಣ್ಣನ ಎದೆಗೆ ಕೈ ಕೊಟ್ಟು ತಳ್ಳಿದ, ಅಷ್ಟೇ. ಕಾಕಾ ಎರಡೂ ಕೈಯಲ್ಲಿ ತಲೆ ಹಿಡಿದು, ವಾಂತಿ ಮಾಡಿ ಕುಸಿದ. ಮತ್ತೆ ಏಳಲಿಲ್ಲ.

ಮಂದಿ ತಮ್ಮನನ್ನು ಬೇವಿನ ಗಿಡಕ್ಕೆ ಕಟ್ಟಿದರು. ಚೈನು, ಪಂಪು, ಸಿಕ್ಕಿದ್ದರಲ್ಲಿ ಬಡಿದರು. "ನಾ ಬರೇ ದೂಡೀನ್ರಿ..." ಎಂದು ಕೂಗುತ್ತಿದ್ದ. ರೆಪ್ಪೆ, ತಲೆನೋವು ಎಲ್ಲ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಾನೂ ಪಂಪು ಎತ್ತಿದೆ, ಎರಡು ಸಲ. ಮೊಣಕೈ ಮುರಿದ ಸದ್ದು ಕೇಳಿಸಿತು. ಹಿರಿಯರು ಪೊಲೀಸರಿಗೆ ಹೇಳಗೊಡದೆ ಕಾಕಾನನ್ನು ಅಂದೇ ಮಣ್ಣು ಮಾಡಿಸಿದರು. ಅಣ್ಣನನ್ನು ಕೊಂದವನೆಂದು ತಮ್ಮನನ್ನು ಊರು ಬಿಡಿಸಿದರು.

ಕೊಳವೆ ಕೂರಿಸಿ ಮೂರು ತಿಂಗಳಿಗೆ ಕಾಕಾನ ತಮ್ಮನನ್ನು ಹುಡುಕಿಕೊಂಡು ಯಡ್ರಾಮಿಗೆ ಹೋದೆ. ಕೊಂದದ್ದು ನೀನಲ್ಲ, ತಲೆಯೊಳಗೆ ಒಡೆದ ಉಬ್ಬು ಎಂದು ಹೇಳಬೇಕಿತ್ತು. ಅವನು ತೀರಿಕೊಂಡು ವರ್ಷವಾಗಿತ್ತು. "ಸಾಯೂತನಕ ಅಣ್ಣನ್ನ ಕೊಂದೆ, ಕೊಂದೆ ಅಂತಿದ್ರುರಿ," ಎಂದಳು ಅವನ ಹೆಂಡತಿ. ಕಾಕಾನ ರೆಪ್ಪೆ, ತಲೆನೋವು, ಒಡೆದ ಉಬ್ಬು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ತಲಿ ನೋಯ್ತಿತ್ತು ಅಂತ ನಿಮಗ ಆವತ್ತ ಗೊತ್ತಿತ್ತೇನ್ರಿ?"

ನನ್ನ ರೆಪ್ಪೆ ಈಗ ಸರಿಯಾಗಿದೆ. ಆದರೂ ಆಕೆಯನ್ನು ಕಣ್ಣೆತ್ತಿ ನೋಡಲಾಗಲಿಲ್ಲ.