ಪೊರಕೆಯಮ್ಮನ ಪಾಲಿನ ದಿಬ್ಬ

ಕಸ ಕಂಡರೆ ಪೊರಕೆಯಮ್ಮನಿಗೆ ಮೈಯೆಲ್ಲ ಉರಿ. ಆಸ್ಪತ್ರೆಯ ವಾರ್ಡುಗಳನ್ನು ಗುಡಿಸಿ ಒರೆಸಿಯೇ ತಲೆ ನರೆತ ಹೆಂಗಸು. ಅವಳು ಒರೆಸಿದ ನೆಲ ಒಣಗುವ ತನಕ ದೊಡ್ಡ ಡಾಕ್ಟರರೂ ಬಾಗಿಲಲ್ಲೇ ನಿಲ್ಲಬೇಕಿತ್ತು. ಹೆಸರು ಅಲ್ಲಿಯೇ ಅಂಟಿಕೊಂಡಿತು. ಅಂಥವಳ ಹಣೆಗೆ ಬರೆದದ್ದು ಸಮುದ್ರದ ಪಕ್ಕದ ಮನೆ, ಅದೂ ಅರ್ಧ. ನಡುವೆ ಗೋಡೆ ಎಬ್ಬಿಸಿದ ಆ ಮನೆಯ ಇನ್ನರ್ಧದಲ್ಲಿ ಓರಗಿತ್ತಿ, ಅಂದರೆ ಮೈದುನನ ಹೆಂಡತಿ ಇದ್ದಳು. ಗಂಡಂದಿರು ಸತ್ತರು, ಹೆಂಡಿರ ಜಗಳ ಸಾಯಲಿಲ್ಲ. ಮಲಗಿದ ಚಾಪೆ ಸುತ್ತಿಡದ ಸೋಮಾರಿ ಅವಳು ಎಂಬುದೇ ಪೊರಕೆಯಮ್ಮನ ದೊಡ್ಡ ದೂರು.

ಮನೆಗೂ ಸಮುದ್ರಕ್ಕೂ ನಡುವೆ ಇದ್ದದ್ದು ಒಂದು ಮರಳ ದಿಬ್ಬ. ನೇರಳೆ ಹೂವಿನ ಬಳ್ಳಿಯೂ ಚುಚ್ಚುವ ಹುಲ್ಲೂ ಅದನ್ನು ಬಿಗಿಯಾಗಿ ಹಿಡಿದಿದ್ದವು. ಪಕ್ಕದಲ್ಲಿ ಲಾಡ್ಜು ಎದ್ದಿತು ನೋಡಿ, ಅಲ್ಲಿಗೆ ಬಂದವರೆಲ್ಲ ದಿಬ್ಬದ ಮೇಲೇ ಅಡ್ಡದಾರಿ ಮಾಡಿಕೊಂಡರು, ಬೈಕೂ ಹತ್ತಿಸಿದರು. ತುಳಿದಲ್ಲಿ ಬಳ್ಳಿ ಸತ್ತಿತು. ಬಳ್ಳಿ ಸತ್ತಲ್ಲಿ ಗಾಳಿ ಮರಳು ಹೊತ್ತೊಯ್ದಿತು. ಒಂದೇ ಬೇಸಿಗೆಯಲ್ಲಿ ದಿಬ್ಬದ ನೆತ್ತಿ ಬೋಳಾಯಿತು. ಮಳೆಗಾಲದ ಕಡಲು ಏರುವುದರೊಳಗೆ ಬಳ್ಳಿ ಮತ್ತೆ ಹಬ್ಬದಿದ್ದರೆ ಅಡುಗೆಮನೆ ನೀರುಪಾಲು ಎಂಬುದು ಇಬ್ಬರಿಗೂ ಗೊತ್ತಿತ್ತು.

ಪೊರಕೆಯಮ್ಮ ಲಾಡ್ಜಿನವರನ್ನು ಪೊರಕೆ ಹಿಡಿದೇ ಅಟ್ಟಿದಳು. "ಇದೇನು ನಿಮ್ಮಪ್ಪನ ಮನೆ ಜಗಲಿನಾ?" ಎಂದು ಕೇಳಿ, ಮುಳ್ಳಿನ ಬೇಲಿ ಕಟ್ಟಿದಳು. ತನ್ನ ಪಾಲಿನ ದಿಬ್ಬದಲ್ಲಿ ಸಾಲಾಗಿ ಬಳ್ಳಿಯ ತುಂಡು ನೆಟ್ಟಳು. ಮಿಕ್ಕು ಬಿದ್ದ ತುಂಡುಗಳನ್ನು ಓರಗಿತ್ತಿ ಆಯ್ದು, ತನ್ನ ಕಡೆ ಹೇಗೆಂದರೆ ಹಾಗೆ ಚುಚ್ಚಿ, ಒಳಗೆ ಹೋಗಿ ಮಲಗಿಬಿಟ್ಟಳು.

ಬೆಳಗಾದರೆ ಎಲೆಗಳ ಮೇಲೆಲ್ಲ ಗಾಳಿ ತಂದ ಮರಳು. ಪೊರಕೆಯಮ್ಮ ಸುಮ್ಮನಿರುವ ಜೀವವೇ? ಮೆತ್ತನೆಯ ಪೊರಕೆ ತಂದು ಮರಳನ್ನೆಲ್ಲ ಗುಡಿಸಿ ತೆಗೆದು, ಮಗುವಿನ ಮುಖ ಒರೆಸಿದಂತೆ ಒಂದೊಂದೇ ಎಲೆ ಒರೆಸುವಳು. ಒಂದು ದಿನವೂ ತಪ್ಪಿಸಲಿಲ್ಲ. ಆ ಕಡೆ ಓರಗಿತ್ತಿಯ ಬಳ್ಳಿ ಕುತ್ತಿಗೆಯವರೆಗೆ ಹೂತುಹೋಗಿತ್ತು. ಸಾಯಲಿ, ಸೋಮಾರಿಗೆ ತಕ್ಕ ಶಾಸ್ತಿಯಾಗಲಿ ಎಂದುಕೊಂಡು ಪೊರಕೆಯಮ್ಮ ಖುಷಿಯನ್ನೇ ಪಟ್ಟಳು.

ಆದರೆ ಹಳದಿಯಾದದ್ದು ಇವಳ ಬಳ್ಳಿ. ಓರಗಿತ್ತಿಯದು ಮರಳನ್ನು ಸೀಳಿಕೊಂಡು ಮೇಲೆದ್ದು ಹೂ ಬಿಟ್ಟಿತು. ಪೊರಕೆಯಮ್ಮ ಗೋಡೆಯ ಆಚೆಗೆ ನುಗ್ಗಿದಳು.

"ನನ್ನ ಬಳ್ಳಿಗೆ ಏನು ಸುರಿದೆ, ಹೇಳೇ."

"ನಾನ್ಯಾಕೆ ಸುರೀಲಿ ಅಕ್ಕ? ಕುಡಿಯೋ ನೀರು ಸೇದೋಕೇ ನನಗೆ ಬೇಜಾರು."

"ಹಾಗಾದ್ರೆ ನಿನ್ನದಕ್ಕೆ ಏನು ಹಾಕಿದೆ?"

"ಏನೂ ಇಲ್ಲ. ನೆಟ್ಟ ಮೇಲೆ ತಿರುಗಿ ಕೂಡ ನೋಡಿಲ್ಲ."

ಈ ಮಾತನ್ನು ನಂಬುವುದುಂಟೆ? ಪೊರಕೆಯಮ್ಮ ಓರಗಿತ್ತಿಯ ಬಳ್ಳಿಗೆ ಕೈಹಾಕಿ ಎಳೆದಳು. ಬರಲಿಲ್ಲ. ಮರಳು ಕೆದಕಿದರೆ, ಹೂತ ಬಳ್ಳಿಯ ಗಿಣ್ಣು ಗಿಣ್ಣಿಗೂ ಬೇರು. ಮರಳು ಮುಚ್ಚಿದಷ್ಟೂ ಅದು ಬೇರು ಬಿಟ್ಟಿತ್ತು. ತನ್ನ ಕಡೆ ಓಡಿಬಂದು ಎಳೆದಳು. ಹೊಲಿಗೆ ಬಿಚ್ಚಿದ ದಾರದಂತೆ ಸಲೀಸಾಗಿ ಕೈಗೆ ಬಂತು.

"ಗುಡಿಸಿ ಗುಡಿಸಿ ಸಾಯಿಸಿದ್ದೀರಿ," ಎಂದಳು ಓರಗಿತ್ತಿ. ಆ ಮಾತನ್ನು ಅವಳು ಚಪ್ಪರಿಸಿಕೊಂಡೇ ಹೇಳಿದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪೊರಕೆಯಮ್ಮ ಹೊಸ ತುಂಡು ನೆಟ್ಟು, ಹಲ್ಲು ಕಚ್ಚಿ ಮರಳನ್ನು ಹಾಗೇ ಬಿಟ್ಟಳು. ಅವು ಬೇರೂರುವ ಮೊದಲೇ ಒಂದು ಮಧ್ಯಾಹ್ನ ಕಡಲು ಏರಿ ಬಂತು. ಓರಗಿತ್ತಿಯ ದಿಬ್ಬಕ್ಕೆ ಬಡಿದು ಹಿಂದೆ ಸರಿದ ನೀರು ಇವಳ ಬೋಳು ಜಾಗದಿಂದ ಒಳನುಗ್ಗಿ, ಅಡುಗೆಮನೆಯ ಗೋಡೆಯನ್ನು ಕೆಡವಿತು.

ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಪೊರಕೆ ಹಿಡಿದು, ಒದ್ದೆ ಸೀರೆಯಲ್ಲಿ ಪೊರಕೆಯಮ್ಮ ಪಕ್ಕದ ಬಾಗಿಲಲ್ಲಿ ನಿಂತಳು. ಬೇರೆ ಬಾಗಿಲು ಇದ್ದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಓರಗಿತ್ತಿ ಟ್ರಂಕನ್ನು ಇಸಿದುಕೊಂಡಳು.

"ಬನ್ನಿ ಒಳಗೆ. ಅದು ಮಾತ್ರ ಹೊರಗಿರಲಿ."

ಒಳಗೆ ಚಾಪೆಯ ಮೇಲೆ, ಪಾತ್ರೆಗಳ ಸಂದಿಯಲ್ಲಿ, ಎಲ್ಲಿ ಕಾಲಿಟ್ಟರೂ ಮರಳು. ಪೊರಕೆಯಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಆ ಮರಳಿನ ಮೇಲೇ ಕುಳಿತಳು.